ಬದಲಿ ಎಂಜಿನ್ ಕೂರಿಸಿದ ಕಾರು ಹೊಗೆ ತಪಾಸಣೆ ದಾಟಬೇಕಾದರೆ

ಒಂದು ಕಾರಿನ ಎಂಜಿನ್ ಇಳಿಸಿ ಇನ್ನೊಂದು ಕಾರಿನ ಎಂಜಿನ್ ಕೂರಿಸುವ ಕೆಲಸಕ್ಕೆ ಕೈಹಾಕಿದವರು ಮೊದಲು ಅಳೆಯುವುದು ಬಾನೆಟ್ ಕೆಳಗಿನ ಜಾಗವನ್ನು. ಮೌಂಟ್‌ಗಳನ್ನು ಎಲ್ಲಿ ವೆಲ್ಡ್ ಮಾಡಬೇಕು, ಗೇರ್‌ಬಾಕ್ಸ್ ನೆಲದ ಕೆಳಗೆ ಹಿಡಿಸುತ್ತದೆಯೇ, ಆಯಿಲ್ ಸಂಪ್ ಕ್ರಾಸ್‌ಮೆಂಬರ್‌ಗೆ ತಾಗುತ್ತದೆಯೇ, ರೇಡಿಯೇಟರ್ ಸಾಕಾಗುತ್ತದೆಯೇ ಎಂಬ ಪ್ರಶ್ನೆಗಳೇ ತಿಂಗಳುಗಟ್ಟಲೆ ತಲೆ ತುಂಬಿರುತ್ತವೆ. ಹೊಗೆ ತಪಾಸಣೆಯ ವಿಚಾರ ನೆನಪಾಗುವುದು ಎಂಜಿನ್ ಚಾಲೂ ಆಗಿ, ಕಾರು ರಸ್ತೆಗೆ ಇಳಿಯುವ ಹೊತ್ತಿಗೆ. ಈ ಕ್ರಮ ತಲೆಕೆಳಗಾಗಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಚೈನ್ ಹಾಕಿ ಎತ್ತಿ ತರುವ ಲೋಹದ ಮುದ್ದೆ ಎಂಜಿನ್ ವ್ಯವಸ್ಥೆಯ ಒಂದು ಪಾಲು ಮಾತ್ರ. ಉಳಿದ ಪಾಲು ಆ ಎಂಜಿನ್ ಹುಟ್ಟಿದ ಕಾರಿನ ಪೆಟ್ರೋಲ್ ಟ್ಯಾಂಕಿನಲ್ಲಿ, ಸೈಲೆನ್ಸರ್ ಪೈಪಿನಲ್ಲಿ, ಗೇರ್‌ಬಾಕ್ಸಿನ ಬಾಲದಲ್ಲಿ, ಡ್ಯಾಶ್‌ಬೋರ್ಡಿನ ಹಿಂದಿನ ವೈರುಗಳಲ್ಲಿ ಹರಡಿಕೊಂಡಿರುತ್ತದೆ. ತಪಾಸಣೆಯಲ್ಲಿ ಅಳೆಯಲಾಗುವುದು ಈ ಎರಡೂ ಪಾಲುಗಳು ಮತ್ತೆ ಒಂದಾಗಿವೆಯೇ ಎಂಬುದನ್ನು.

ನನ್ನ ಕಾರು ಕಾರ್ಬುರೇಟರ್ ಕಾಲದ, ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುವ ಸೆಡಾನ್. ಅದರೊಳಗೆ ಈಗ ಇರುವುದು ಬಹಳ ವರ್ಷ ಹೊಸದಾದ, ಇಂಜೆಕ್ಷನ್ ಮತ್ತು ಓಬಿಡಿ-2 (ಹೊಗೆ ನಿಯಂತ್ರಣದ ಭಾಗಗಳನ್ನು ಕಾರೇ ಪರೀಕ್ಷಿಸಿಕೊಳ್ಳುವ ವ್ಯವಸ್ಥೆ) ಇರುವ ವಿ6 ಎಂಜಿನ್. ಹಾಗಾಗಿ ಪೈಪಿನ ತುದಿಗೆ ನಳಿಗೆ ತೂರಿಸಿ ಅನಿಲ ಅಳೆಯುವ ತಪಾಸಣೆ, ಸ್ಕ್ಯಾನರ್ ಜೋಡಿಸಿ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಹೇಳುವುದನ್ನು ಓದುವ ತಪಾಸಣೆ, ಬಾನೆಟ್ ಎತ್ತಿ ಕಣ್ಣಿನಿಂದ ನೋಡುವ ತಪಾಸಣೆ, ಈ ಮೂರನ್ನೂ ಅದು ದಾಟಬೇಕಿತ್ತು. ಈಗ ದಾಟಿದೆ. ಆ ಹಾದಿಯಲ್ಲಿ ಮುಖ್ಯವೆಂದು ಕಂಡದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಅನಿಲಗಳ ಮಾತು. ತಪಾಸಣೆಯ ಯಂತ್ರ ಸಾಮಾನ್ಯವಾಗಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್, ಕಾರ್ಬನ್ ಡೈಆಕ್ಸೈಡ್ ಮತ್ತು ಆಮ್ಲಜನಕ ಎಂಬ ನಾಲ್ಕನ್ನು ಅಳೆಯುತ್ತದೆ. ಐದನೆಯದಾಗಿ ಸಾರಜನಕದ ಆಕ್ಸೈಡುಗಳನ್ನು ಅಳೆಯುವ ಯಂತ್ರಗಳೂ ಇವೆ. ಪೆಟ್ರೋಲ್ ಹೆಚ್ಚಾಗಿ ಗಾಳಿ ಸಾಲದೆ ಹೋದಾಗ ಕಾರ್ಬನ್ ಮಾನಾಕ್ಸೈಡ್ ಏರುತ್ತದೆ. ಪೆಟ್ರೋಲ್ ಉರಿಯದೆಯೇ ಹೊರಬಿದ್ದಾಗ, ಅಂದರೆ ಕಿಡಿ ತಪ್ಪಿದಾಗ, ವಾಲ್ವ್ ಸೋರಿದಾಗ ಅಥವಾ ಮಿಶ್ರಣ ತೀರಾ ತೆಳುವಾಗಿ ಬೆಂಕಿ ಹಿಡಿಯದಿದ್ದಾಗ, ಹೈಡ್ರೋಕಾರ್ಬನ್ ಏರುತ್ತದೆ. ಸಿಲಿಂಡರಿನೊಳಗಿನ ಉಷ್ಣತೆ ಸುಮಾರು 1,370 ಡಿಗ್ರಿ ಸೆಲ್ಸಿಯಸ್ ಮೀರಿದಾಗ ಗಾಳಿಯಲ್ಲಿಯೇ ಇರುವ ಸಾರಜನಕ ಮತ್ತು ಆಮ್ಲಜನಕ ಕೂಡಿಕೊಂಡು ಸಾರಜನಕದ ಆಕ್ಸೈಡುಗಳು ವೇಗವಾಗಿ ಹುಟ್ಟುತ್ತವೆ. ಕಾರ್ಬನ್ ಡೈಆಕ್ಸೈಡ್ ಶೇ. 14ರಿಂದ 15ರ ಆಸುಪಾಸಿನಲ್ಲಿದ್ದರೆ ಉರಿಯುವ ಕೆಲಸ ಚೆನ್ನಾಗಿ ನಡೆದಿದೆ ಎಂದರ್ಥ. ಈ ಅನಿಲಗಳ ಪ್ರಮಾಣದಿಂದ ಹಿಂದಕ್ಕೆ ಲೆಕ್ಕ ಹಾಕಿ ಗಾಳಿ ಮತ್ತು ಪೆಟ್ರೋಲಿನ ಅನುಪಾತವನ್ನು ಕಂಡುಹಿಡಿಯುವ ಸೂತ್ರವನ್ನು 1979ರಲ್ಲಿ ಬ್ರೆಟ್‌ಶ್ನೈಡರ್ ಎಂಬ ತಂತ್ರಜ್ಞ ಪ್ರಕಟಿಸಿದರು. ತಪಾಸಣೆಯ ಚೀಟಿಯಲ್ಲಿ ಲ್ಯಾಂಬ್ಡಾ ಎಂದು ಮುದ್ರಣವಾಗುವ ಅಂಕಿ ಹೀಗೆ ಲೆಕ್ಕದಿಂದ ಬಂದದ್ದು. ಒಂದು ಕಿಲೋ ಪೆಟ್ರೋಲಿಗೆ 14.7 ಕಿಲೋ ಗಾಳಿ ಇದ್ದಾಗ ಲ್ಯಾಂಬ್ಡಾ 1. ಅದಕ್ಕಿಂತ ಕಡಿಮೆಯಾದರೆ ಮಿಶ್ರಣ ರಿಚ್, ಹೆಚ್ಚಾದರೆ ಲೀನ್.

ಮಿತಿಗಳು ದೇಶದಿಂದ ದೇಶಕ್ಕೆ, ಕಾರಿನ ವಯಸ್ಸಿನಿಂದ ವಯಸ್ಸಿಗೆ ಬದಲಾಗುತ್ತವೆ. ಒಂದು ಅಂದಾಜಿಗೆ ಹೇಳುವುದಾದರೆ, ಬ್ರಿಟನ್ನಿನ ವಾರ್ಷಿಕ ತಪಾಸಣೆಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ (ಪೈಪಿನಲ್ಲಿಯೇ ಹೊಗೆಯನ್ನು ಶುದ್ಧಗೊಳಿಸುವ ಭಾಗ) ಇರುವ ಪೆಟ್ರೋಲ್ ಕಾರಿಗೆ ಬಳಸುವ ಸಾಮಾನ್ಯ ಮಿತಿಗಳ ಪ್ರಕಾರ, ಎಂಜಿನ್ ನಿಮಿಷಕ್ಕೆ 2,500ರಿಂದ 3,000 ಸುತ್ತು ತಿರುಗುವಾಗ ಕಾರ್ಬನ್ ಮಾನಾಕ್ಸೈಡ್ ಶೇ. 0.2 ಮೀರಬಾರದು, ಹೈಡ್ರೋಕಾರ್ಬನ್ 200 ಪಿಪಿಎಂ (ಹತ್ತು ಲಕ್ಷಕ್ಕೆ 200 ಭಾಗ) ಮೀರಬಾರದು, ಲ್ಯಾಂಬ್ಡಾ 0.97ರಿಂದ 1.03ರೊಳಗೆ ಇರಬೇಕು. ಸ್ಲೋ ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ನಿಧಾನವಾಗಿ ತಿರುಗುವಾಗ, ಕಾರ್ಬನ್ ಮಾನಾಕ್ಸೈಡಿಗೆ ಶೇ. 0.3ರವರೆಗೆ ಅವಕಾಶವಿದೆ. ಈ ಅಂಕಿಗಳನ್ನು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ: ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದೆ ಅಷ್ಟು ಸ್ವಚ್ಛವಾದ ಅನಿಲ ಪೈಪಿನಿಂದ ಹೊರಬರುವುದು ಕಷ್ಟ.

ಕನ್ವರ್ಟರ್ ತನ್ನ ಕೆಲಸ ಮಾಡುವುದು ಬಹಳ ಕಿರಿದಾದ ಒಂದು ಕಿಂಡಿಯೊಳಗೆ. ಪ್ಲಾಟಿನಂ, ಪಲ್ಲೇಡಿಯಂ ಮತ್ತು ರೋಡಿಯಂ ಲೇಪಿಸಿದ ಅದರ ಜೇನುಗೂಡಿನಂಥ ಒಡಲು ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್‌ಗಳಿಗೆ ಆಮ್ಲಜನಕ ಕೂಡಿಸಬೇಕು, ಅದೇ ಹೊತ್ತಿಗೆ ಸಾರಜನಕದ ಆಕ್ಸೈಡುಗಳಿಂದ ಆಮ್ಲಜನಕ ಕಿತ್ತುಕೊಳ್ಳಬೇಕು. ಒಂದಕ್ಕೊಂದು ವಿರುದ್ಧವಾದ ಈ ಎರಡು ಕೆಲಸಗಳು ಒಟ್ಟಿಗೆ ನಡೆಯುವುದು ಲ್ಯಾಂಬ್ಡಾ 1ಕ್ಕೆ ತೀರಾ ಹತ್ತಿರದಲ್ಲಿ ಮಾತ್ರ. ಅಲ್ಲಿಯೇ ಮಿಶ್ರಣವನ್ನು ಹಿಡಿದಿಡಲು ಎಂಜಿನ್ನಿಗೆ ಹೊರಹೋಗುವ ಅನಿಲದಲ್ಲಿನ ಆಮ್ಲಜನಕವನ್ನು ಗುರುತಿಸುವ ಆಕ್ಸಿಜನ್ ಸೆನ್ಸರ್ ಬೇಕು; ಲ್ಯಾಂಬ್ಡಾ ಸೆನ್ಸರ್ ಎಂದರೂ ಅದೇ. 1976ರಲ್ಲಿ ಬಾಷ್ ತಯಾರಿಸಿದ ಲ್ಯಾಂಬ್ಡಾ ಸೆನ್ಸರ್ ಅಮೆರಿಕದ ಮಾರುಕಟ್ಟೆಗೆ ಹೊರಟ ವೋಲ್ವೊ ಕಾರುಗಳಲ್ಲಿ ಮೊದಲು ಬಂತು. ಇಂದಿಗೂ ಅದರ ತತ್ವ ಬದಲಾಗಿಲ್ಲ. ಜಿರ್ಕೋನಿಯಾದ ಸೆನ್ಸರ್ ಮಿಶ್ರಣ ರಿಚ್ ಆದಾಗ ಸುಮಾರು 0.9 ವೋಲ್ಟ್, ಲೀನ್ ಆದಾಗ ಸುಮಾರು 0.1 ವೋಲ್ಟ್ ಕೊಡುತ್ತದೆ. ಇಸಿಯು ಅದನ್ನು ಓದಿ ಇಂಜೆಕ್ಟರ್ ತೆರೆದಿರುವ ಕಾಲವನ್ನು ಸ್ವಲ್ಪ ಹೆಚ್ಚಿಸುತ್ತ, ಸ್ವಲ್ಪ ತಗ್ಗಿಸುತ್ತ ಸರಾಸರಿಯನ್ನು ಮಧ್ಯದಲ್ಲಿ ನಿಲ್ಲಿಸುತ್ತದೆ. ಇದಕ್ಕೆ ಕ್ಲೋಸ್ಡ್ ಲೂಪ್ ಎನ್ನುತ್ತಾರೆ. ಬದಲಿ ಎಂಜಿನ್ ಕೂರಿಸಿದ ಕಾರಿನ ಬಹುಪಾಲು ತೊಂದರೆಗಳು ಈ ಕುಣಿಕೆ ಎಲ್ಲೋ ಒಂದು ಕಡೆ ಹರಿದುಹೋದದ್ದರಿಂದ ಹುಟ್ಟುತ್ತವೆ.

ಆದ್ದರಿಂದ ಎಂಜಿನ್ ಆಯ್ಕೆಯ ಹೊತ್ತಿನಲ್ಲಿಯೇ ತಪಾಸಣೆ ಶುರುವಾಗುತ್ತದೆ ಎನ್ನುತ್ತೇನೆ. ಬಿಡಿ ಎಂಜಿನ್ ಕೊಳ್ಳುವುದಕ್ಕಿಂತ, ಅಪಘಾತದಲ್ಲಿ ಹಿಂಭಾಗ ಜಖಂ ಆದ ಇಡೀ ಕಾರನ್ನು ಕೊಳ್ಳುವುದು ಎಷ್ಟೋ ಮೇಲು. ಇಸಿಯು, ಅದಕ್ಕೆ ಜೋಡಿಯಾದ ಇಮ್ಮೊಬಿಲೈಜರ್ (ಕಳ್ಳತನ ತಡೆಯುವ ಸಾಧನ) ಮತ್ತು ಬೀಗದ ಕೈ, ತುಂಡರಿಸದ ವೈರಿಂಗ್ ಹಾರ್ನೆಸ್, ಏರ್ ಫಿಲ್ಟರ್ ಪೆಟ್ಟಿಗೆ, ಆಕ್ಸಿಲರೇಟರ್ ಪೆಡಲ್, ಪೆಟ್ರೋಲ್ ಆವಿ ಹಿಡಿದಿಡುವ ಇದ್ದಿಲಿನ ಕ್ಯಾನಿಸ್ಟರ್ ಮತ್ತು ಆ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್, ಟ್ಯಾಂಕಿನ ಪ್ರೆಶರ್ ಸೆನ್ಸರ್, ಎಲ್ಲ ಆಕ್ಸಿಜನ್ ಸೆನ್ಸರ್‌ಗಳು, ಕನ್ವರ್ಟರ್‌ಗಳು, ಇವೆಲ್ಲ ಒಂದೇ ಕಡೆಯಿಂದ ಬಂದರೆ ಮುಂದಿನ ಕೆಲಸ ಬಹಳ ಹಗುರವಾಗುತ್ತದೆ. ಕಾನೂನಿನ ದೃಷ್ಟಿಯಿಂದಲೂ ಇದೇ ಸರಿ. ಕ್ಯಾಲಿಫೋರ್ನಿಯಾದಲ್ಲಿ ಬದಲಿ ಎಂಜಿನ್ ಕಾರಿನಷ್ಟೇ ವರ್ಷದ್ದು ಅಥವಾ ಅದಕ್ಕಿಂತ ಹೊಸದಾಗಿರಬೇಕು, ಭಾರಿ ವಾಹನದ ವರ್ಗದ ಎಂಜಿನ್ ಹಗುರ ಕಾರಿಗೆ ಬರಬಾರದು, ಮತ್ತು ಆ ಎಂಜಿನ್ ಹುಟ್ಟಿದಾಗ ಅದರೊಡನೆ ಇದ್ದ ಹೊಗೆ ನಿಯಂತ್ರಣದ ಪ್ರತಿಯೊಂದು ಭಾಗವೂ ಜೊತೆಗಿರಬೇಕು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1974ರ ತನ್ನ ಮೆಮೊರಾಂಡಂ 1ಎ ಮೂಲಕ ಹಾಕಿಕೊಟ್ಟ ನಿಲುವಿನ ತಿರುಳೂ ಇದೇ: ಮಾರ್ಪಾಡಿನಿಂದ ಹೊಗೆ ಹೆಚ್ಚಾಗಬಾರದು, ಹಾಗೆ ಹೆಚ್ಚಾಗದೆಂದು ನಂಬಲು ಆಧಾರವಿರಬೇಕು. ಈ ನಿಯಮ ನನಗೆ ನ್ಯಾಯವಾಗಿಯೇ ಕಾಣುತ್ತದೆ. ನಮ್ಮ ಹವ್ಯಾಸದ ಹೊಗೆಯನ್ನು ಉಸಿರಾಡುವವರು ನಾವೊಬ್ಬರೇ ಅಲ್ಲವಲ್ಲ.

ಇನ್ನು ಸೈಲೆನ್ಸರ್ ಪೈಪಿನ ವಿಚಾರಕ್ಕೆ ಬರುತ್ತೇನೆ. ನನ್ನ ಅನುಭವದಲ್ಲಿ ಹೆಚ್ಚು ಕಾಲ ಬೇಡಿದ್ದು ಇದು, ಹೆಚ್ಚು ಕಲಿಸಿದ್ದೂ ಇದು. ಮೂಲ ಕಾರಿನಲ್ಲಿ ಕನ್ವರ್ಟರ್‌ಗಳು ಮ್ಯಾನಿಫೋಲ್ಡಿನ (ಸಿಲಿಂಡರುಗಳಿಂದ ಬರುವ ಅನಿಲ ಒಂದುಗೂಡುವ ಭಾಗದ) ಬಾಯಿಗೆ ಅಂಟಿಕೊಂಡಂತೆ ಇದ್ದವು. ನನ್ನ ಕಾರಿನಲ್ಲಿ ಆ ಜಾಗದಲ್ಲಿ ಸ್ಟಿಯರಿಂಗ್ ಶಾಫ್ಟ್ ಇಳಿಯುತ್ತದೆ. ಇಂಥ ಸಂದರ್ಭದಲ್ಲಿ ಕನ್ವರ್ಟರನ್ನು ನೆಲದ ಕೆಳಗೆ, ಹಿಂದಕ್ಕೆ ಒಯ್ಯುವುದು ಸುಲಭದ ದಾರಿ. ಆದರೆ ಕನ್ವರ್ಟರ್ ಚುರುಕಾಗುವುದು ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ. ಒಂದು ಮೀಟರ್ ಹೆಚ್ಚುವರಿ ಪೈಪು ಆ ಬಿಸಿಯನ್ನು ಗಾಳಿಗೆ ಕೊಟ್ಟುಬಿಡುತ್ತದೆ. ಐಡ್ಲಿಂಗ್‌ನಲ್ಲಿ ನಿಂತ ಕಾರಿನಲ್ಲಿ ಹಾಗೆ ದೂರವಿಟ್ಟ ಕನ್ವರ್ಟರ್ ತಣ್ಣಗಾಗಿ ಕೆಲಸ ನಿಲ್ಲಿಸುವುದೂ ಉಂಟು. ಹೀಗಾಗಿ ನಾನು ಸ್ಟಿಯರಿಂಗ್ ಶಾಫ್ಟಿಗೆ ಇನ್ನೊಂದು ಯೂನಿವರ್ಸಲ್ ಜಾಯಿಂಟ್ ಮತ್ತು ನಡುವೆ ಆಧಾರದ ಬೇರಿಂಗ್ ಹಾಕಿಸಿ, ಅದರ ದಾರಿಯನ್ನೇ ಬದಲಿಸಿ, ಕನ್ವರ್ಟರ್‌ಗಳನ್ನು ಎಂಜಿನ್ನಿಗೆ ಆದಷ್ಟು ಹತ್ತಿರ ಉಳಿಸಿಕೊಂಡೆ. ಉಳಿದ ಸ್ವಲ್ಪ ಪೈಪಿಗೆ ಶಾಖ ತಡೆಯುವ ಪಟ್ಟಿ ಸುತ್ತಿದೆ. ಸ್ಟಿಯರಿಂಗ್ ಕೆಲಸವನ್ನು ಅದರಲ್ಲಿ ಪಳಗಿದವರ ಕೈಯಿಂದಲೇ ಮಾಡಿಸಬೇಕು ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ.

ಸೋರಿಕೆಯ ಮಾತು ಇನ್ನೂ ಸೂಕ್ಷ್ಮವಾದದ್ದು. ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಬಳಿ ಸಣ್ಣದೊಂದು ಸೀಳು ಇದ್ದರೆ ಅನಿಲ ಹೊರಗೆ ಹೋಗುತ್ತದೆ ಎಂದಷ್ಟೇ ನಾವು ಎಣಿಸುತ್ತೇವೆ. ಎಕ್ಸಾಸ್ಟ್ ಅನಿಲ ಒಂದೇ ಸಮನೆ ಹರಿಯುವುದಿಲ್ಲ, ಅಲೆಅಲೆಯಾಗಿ ಬರುತ್ತದೆ. ಎರಡು ಅಲೆಗಳ ನಡುವೆ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಾದಾಗ ಅದೇ ಸೀಳಿನಿಂದ ಗಾಳಿ ಒಳಗೆ ಬರುತ್ತದೆ. ಆ ಗಾಳಿಯ ಆಮ್ಲಜನಕವನ್ನು ಕಂಡ ಸೆನ್ಸರ್ ಮಿಶ್ರಣ ಲೀನ್ ಆಗಿದೆ ಎಂದು ತಿಳಿಸುತ್ತದೆ, ಇಸಿಯು ಅದನ್ನು ನಂಬಿ ಪೆಟ್ರೋಲ್ ಹೆಚ್ಚಿಸುತ್ತದೆ, ನಿಜವಾಗಿ ಸರಿಯಾಗಿಯೇ ಇದ್ದ ಮಿಶ್ರಣ ರಿಚ್ ಆಗುತ್ತದೆ, ಪೈಪಿನ ತುದಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಏರುತ್ತದೆ. ಸೆನ್ಸರ್ ಕೆಟ್ಟಿದೆ, ಇಂಜೆಕ್ಟರ್ ಕೆಟ್ಟಿದೆ ಎಂದು ಒಂದೊಂದಾಗಿ ಬದಲಿಸುತ್ತ ಹೋಗುವವರು ಇಲ್ಲಿ ಬಹಳ ಜನ. ಒಂದು ಸಿಲಿಂಡರಿನ ಕಿಡಿ ತಪ್ಪಿದಾಗಲೂ ಇದೇ ನಡೆಯುತ್ತದೆ: ಉರಿಯದ ಪೆಟ್ರೋಲಿನ ಜೊತೆ ಬಳಕೆಯಾಗದ ಆಮ್ಲಜನಕವೂ ಹೊರಬರುತ್ತದೆ, ಸೆನ್ಸರ್ ಗಮನಿಸುವುದು ಮುಖ್ಯವಾಗಿ ಆಮ್ಲಜನಕವನ್ನು, ಹಾಗಾಗಿ ಇಸಿಯು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಸೋರಿಕೆ ಸೆನ್ಸರಿನ ಹಿಂದೆ, ಸೈಲೆನ್ಸರಿನ ಬಳಿ ಇದ್ದರೆ ಮಿಶ್ರಣ ಕೆಡುವುದಿಲ್ಲ, ಆದರೆ ಅಳತೆಗೆ ಗಾಳಿ ಬೆರೆತು ಲ್ಯಾಂಬ್ಡಾ 1.03 ಮೀರಿ ನಿಲ್ಲುತ್ತದೆ. ಹೊಸದಾಗಿ ವೆಲ್ಡ್ ಮಾಡಿದ ಪ್ರತಿಯೊಂದು ಬೆಸುಗೆಯನ್ನೂ, ತಣ್ಣಗಿರುವಾಗ, ಪೈಪಿನ ತುದಿಯಿಂದ ಕಡಿಮೆ ಒತ್ತಡದಲ್ಲಿ ಗಾಳಿ ಊದಿ, ಮೇಲೆ ಸೋಪಿನ ನೀರು ಹಚ್ಚಿ ನೋಡುವುದು ನನಗೆ ತಿಳಿದ ಅತ್ಯಂತ ನಂಬಿಕೆಯ ಪರೀಕ್ಷೆ.

ವಿ ಆಕಾರದ ಎಂಜಿನ್ ಇರುವವರು ಇನ್ನೊಂದನ್ನು ಗಮನಿಸಬೇಕು. ಒಂದನೆಯ ಸಿಲಿಂಡರ್ ಇರುವ ಕಡೆಯನ್ನು ಬ್ಯಾಂಕ್ 1 ಎನ್ನುತ್ತಾರೆ. ಮೂಲ ಕಾರಿನಲ್ಲಿ ಅಡ್ಡಲಾಗಿ ಕೂತಿದ್ದ ಎಂಜಿನ್ನನ್ನು ಉದ್ದಕ್ಕೆ ಕೂರಿಸಿದಾಗ ಹಾರ್ನೆಸ್ಸಿನ ವೈರುಗಳು ಬೇರೆ ಕಡೆಯಿಂದ ಬರುತ್ತವೆ, ಎರಡೂ ಸೆನ್ಸರ್‌ಗಳ ಪ್ಲಗ್‌ಗಳು ಒಂದೇ ಥರ ಇರುತ್ತವೆ, ಅದಲುಬದಲಾಗುವುದು ಬಹಳ ಸುಲಭ. ಹಾಗಾದರೆ ಎಡಗಡೆಯ ಸೆನ್ಸರ್ ನೋಡಿ ಇಸಿಯು ಬಲಗಡೆಯ ಪೆಟ್ರೋಲ್ ತಿದ್ದುತ್ತದೆ. ತಿದ್ದುಪಡಿಯ ಫಲ ಕಾಣದೆ ಇನ್ನಷ್ಟು ತಿದ್ದುತ್ತದೆ. ಕೊನೆಗೆ ಒಂದು ಬದಿ ಮಿತಿಮೀರಿ ರಿಚ್, ಇನ್ನೊಂದು ಬದಿ ಮಿತಿಮೀರಿ ಲೀನ್ ಆಗಿ ನಿಲ್ಲುತ್ತದೆ. ಸ್ಕ್ಯಾನರಿನಲ್ಲಿ ಒಂದು ಬ್ಯಾಂಕಿನ ಫ್ಯೂಯೆಲ್ ಟ್ರಿಮ್ ಮೇಲಿನ ಅಂಚಿಗೂ ಇನ್ನೊಂದರದ್ದು ಕೆಳಗಿನ ಅಂಚಿಗೂ ಅಂಟಿಕೊಂಡಿದ್ದರೆ ಬೇರೇನನ್ನೂ ಮುಟ್ಟುವ ಮೊದಲು ಪ್ಲಗ್‌ಗಳನ್ನು ನೋಡಬೇಕು.

ಪ್ರತಿ ಬ್ಯಾಂಕಿಗೂ ಫ್ಯೂಯೆಲ್ ಟ್ರಿಮ್ ಎಂಬ ಎರಡು ಅಂಕಿಗಳಿರುತ್ತವೆ, ಒಂದು ಆ ಕ್ಷಣದ್ದು, ಇನ್ನೊಂದು ದೀರ್ಘಕಾಲದ್ದು; ಅವುಗಳಷ್ಟು ಬೆಲೆಬಾಳುವ ಮಾಹಿತಿ ಬೇರೆ ಇಲ್ಲ. ಇಸಿಯು ತನ್ನ ಮೂಲ ಲೆಕ್ಕಕ್ಕೆ ಎಷ್ಟು ಶೇಕಡ ಪೆಟ್ರೋಲ್ ಕೂಡಿಸಬೇಕಾಯಿತು ಅಥವಾ ಕಳೆಯಬೇಕಾಯಿತು ಎಂಬುದನ್ನು ಅವು ಹೇಳುತ್ತವೆ. ಐಡ್ಲಿಂಗ್‌ನಲ್ಲಿ ತುಂಬ ಕೂಡಿಸುತ್ತಿದ್ದು, ರೇಸ್ ಮಾಡಿದಾಗ ಸರಿಹೋಗುತ್ತಿದ್ದರೆ ಇನ್‌ಟೇಕ್ ಕಡೆ ಎಲ್ಲೋ ಕಳ್ಳಗಾಳಿ ಸೇರುತ್ತಿದೆ. ಐಡ್ಲಿಂಗ್‌ನಲ್ಲಿ ಸರಿಯಿದ್ದು ಭಾರ ಬಿದ್ದಾಗ ಕೂಡಿಸುತ್ತಿದ್ದರೆ ಪಂಪಿನ ಒತ್ತಡ ಸಾಲುತ್ತಿಲ್ಲ. ಕಾರ್ಬುರೇಟರ್ ಕಾಲದ ಕಾರಿನ ತೆಳ್ಳನೆಯ ಪೆಟ್ರೋಲ್ ಪೈಪನ್ನೇ ಉಳಿಸಿಕೊಂಡವರಿಗೆ ಇದು ಎದುರಾಗುತ್ತದೆ, ಏಕೆಂದರೆ ಇಂಜೆಕ್ಷನ್ ಎಂಜಿನ್ನಿಗೆ ಸಾಮಾನ್ಯವಾಗಿ 3ರಿಂದ 4 ಬಾರ್ ಒತ್ತಡ ಬೇಕು. ಎಲ್ಲ ವೇಗದಲ್ಲೂ ಒಂದೇ ಪ್ರಮಾಣದಲ್ಲಿ ತಪ್ಪುತ್ತಿದ್ದರೆ ಸಂಶಯ ಏರ್ ಫ್ಲೋ ಸೆನ್ಸರಿನ ಮೇಲೆ. ಆ ಸೆನ್ಸರ್ ತಾನು ಕೂತಿರುವ ಪೈಪಿನ ಅಡ್ಡಳತೆಯನ್ನು ನಂಬಿಕೊಂಡು ಗಾಳಿಯ ತೂಕ ಹೇಳುತ್ತದೆ. ಜಾಗ ಸಾಲದೆಂದು ಅದನ್ನು ದಪ್ಪದ ಅಥವಾ ಸಣ್ಣ ಪೈಪಿಗೆ ಬದಲಿಸಿದರೆ, ಇಲ್ಲವೇ ಬಾಗಿದ ಪೈಪಿನ ತಿರುವಿನಲ್ಲಿಯೇ ಇಟ್ಟರೆ, ಅದು ಹೇಳುವ ಪ್ರತಿಯೊಂದು ಮಾತೂ ತಪ್ಪಾಗುತ್ತದೆ. ಮೂಲ ಏರ್ ಫಿಲ್ಟರ್ ಪೆಟ್ಟಿಗೆಯನ್ನೇ ತರಬೇಕು ಎಂದು ಮೇಲೆ ಹೇಳಿದ್ದು ಈ ಕಾರಣಕ್ಕೆ. ಎರಡು ಟ್ರಿಮ್‌ಗಳ ಮೊತ್ತ ಎಲ್ಲ ವೇಗದಲ್ಲೂ ಹತ್ತು ಶೇಕಡದೊಳಗೆ ನಿಲ್ಲುವವರೆಗೂ ತಪಾಸಣೆಯ ವಿಚಾರವನ್ನೇ ಎತ್ತದಿರುವುದು ನಾನು ಹಾಕಿಕೊಂಡ ನಿಯಮ.

ಎಂಜಿನ್ ಬೆಚ್ಚಗಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಥರ್ಮೋಸ್ಟಾಟ್ ಬಗ್ಗೆ ಒಂದು ಮಾತು. ಹೊಸ ಎಂಜಿನ್ ಬಿಸಿಯಾಗಿಬಿಟ್ಟೀತೆಂಬ ಭಯದಿಂದ ಕೆಲವರು ಅದನ್ನು ತೆಗೆದೇ ಬಿಡುತ್ತಾರೆ ಅಥವಾ ಕಡಿಮೆ ಉಷ್ಣತೆಯಲ್ಲಿ ತೆರೆಯುವುದನ್ನು ಹಾಕುತ್ತಾರೆ. ಆಗ ಎಂಜಿನ್ ಇನ್ನೂ ಬೆಚ್ಚಗಾಗಿಲ್ಲ ಎಂದೇ ಇಸಿಯು ತಿಳಿದಿರುತ್ತದೆ, ಹೆಚ್ಚುವರಿ ಪೆಟ್ರೋಲ್ ಕೊಡುತ್ತಲೇ ಇರುತ್ತದೆ, ಪಿ0128 ಎಂಬ ದೋಷದ ಕೋಡ್ ಕೂಡ ಬರುತ್ತದೆ. ಮೂಲ ಥರ್ಮೋಸ್ಟಾಟನ್ನೇ ಉಳಿಸಿ ರೇಡಿಯೇಟರನ್ನು ದೊಡ್ಡದು ಮಾಡುವುದು ಸರಿಯಾದ ದಾರಿ.

ಓಬಿಡಿ-2 ಇರುವ ಎಂಜಿನ್ನುಗಳ ಕಷ್ಟ ಬೇರೆ ಬಗೆಯದು. ಅಮೆರಿಕದಲ್ಲಿ 1996ರಿಂದ ಎಲ್ಲ ಕಾರುಗಳಿಗೂ ಕಡ್ಡಾಯವಾದ ಈ ವ್ಯವಸ್ಥೆಯಲ್ಲಿ ಇಸಿಯು ತನ್ನ ಹೊಗೆ ನಿಯಂತ್ರಣದ ಭಾಗಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಕನ್ವರ್ಟರ್, ಆಕ್ಸಿಜನ್ ಸೆನ್ಸರ್ ಮತ್ತು ಅದರ ಹೀಟರ್, ಪೆಟ್ರೋಲ್ ಆವಿಯ ವ್ಯವಸ್ಥೆ, ಇಜಿಆರ್ (ಉರಿದ ಅನಿಲದ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ವ್ಯವಸ್ಥೆ), ಹೀಗೆ ಒಂದೊಂದಕ್ಕೂ ಒಂದೊಂದು ಮಾನಿಟರ್ ಇರುತ್ತದೆ. ಪರೀಕ್ಷೆ ಮುಗಿದ ಮಾನಿಟರ್ ರೆಡಿ ಎಂದು ತೋರಿಸುತ್ತದೆ. ಬ್ಯಾಟರಿ ಕಳಚಿದರೆ ಅಥವಾ ಸ್ಕ್ಯಾನರಿನಿಂದ ಕೋಡ್ ಅಳಿಸಿದರೆ ಸಾಮಾನ್ಯವಾಗಿ ಎಲ್ಲ ಮಾನಿಟರ್‌ಗಳೂ ಮೊದಲಿಗೆ ಮರಳುತ್ತವೆ. ಚೆಕ್ ಎಂಜಿನ್ ದೀಪ ಆರಿದ್ದರೆ ಸಾಲದು, ಮಾನಿಟರ್‌ಗಳು ರೆಡಿ ಆಗಿರಬೇಕು: ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮಾರ್ಗಸೂಚಿಯಂತೆ 1996ರಿಂದ 2000ದವರೆಗಿನ ಮಾದರಿಗಳಿಗೆ ಎರಡು, 2001ರ ನಂತರದವಕ್ಕೆ ಒಂದು ಮಾತ್ರ ಬಾಕಿ ಇರಬಹುದು.

ಮಾನಿಟರ್ ಓಡಲು ಇಸಿಯುಗೆ ಕಾರಿನ ಉಳಿದ ಭಾಗಗಳಿಂದ ಸಂಕೇತಗಳು ಬೇಕು, ಬದಲಿ ಎಂಜಿನ್ನಿನ ಕಾರಿನಲ್ಲಿ ಕಳೆದುಹೋಗಿರುವುದು ಅವೇ. ಎಲ್ಲಕ್ಕಿಂತ ಮುಖ್ಯವಾದದ್ದು ವೇಗದ ಸಂಕೇತ. ನನ್ನ ಕಾರಿನ ಹಳೆಯ ಸ್ಪೀಡೋಮೀಟರ್ ಕೇಬಲ್ಲಿನಿಂದ ತಿರುಗುವಂಥದ್ದು. ಹೊಸ ಇಸಿಯು ಬಯಸುವುದು ಪ್ರತಿ ಕಿಲೋಮೀಟರಿಗೆ ನಿಗದಿಯಾದ ಸಂಖ್ಯೆಯ ವಿದ್ಯುತ್ ಮಿಡಿತಗಳನ್ನು. ಅದು ಬಾರದಿದ್ದರೆ ಕಾರು ನಿಂತೇ ಇದೆ ಎಂದು ಇಸಿಯು ಭಾವಿಸುತ್ತದೆ. ಹೆದ್ದಾರಿಯಲ್ಲಿ ಎಷ್ಟು ದೂರ ಓಡಿಸಿದರೂ ಕನ್ವರ್ಟರಿನ ಮಾನಿಟರ್ ಶುರುವಾಗುವುದಿಲ್ಲ, ಏಕೆಂದರೆ ಅದಕ್ಕೆ ಒಂದೇ ವೇಗದ ಸ್ಥಿರ ಓಟ ಬೇಕು. ಕೇಬಲ್ಲಿನ ದಾರಿಯಲ್ಲಿ ಮಿಡಿತ ಹುಟ್ಟಿಸುವ ಸೆನ್ಸರ್ ಕೂರಿಸಿ, ಟೈರಿನ ಅಳತೆ ಮತ್ತು ಡಿಫರೆನ್ಷಿಯಲ್ ಅನುಪಾತಕ್ಕೆ ತಕ್ಕಂತೆ ಎಣಿಕೆಯನ್ನು ಪರಿವರ್ತಿಸುವ ಪುಟ್ಟ ಪೆಟ್ಟಿಗೆಯೊಂದನ್ನು ನಡುವೆ ಇಟ್ಟೆ. ಸ್ಕ್ಯಾನರಿನಲ್ಲಿ ಕಾಣುವ ವೇಗವೂ ಉಪಗ್ರಹ ಆಧಾರಿತ ವೇಗವೂ ಒಂದೇ ಆದ ಮೇಲೆ ಉಳಿದ ಮಾನಿಟರ್‌ಗಳು ತಾವಾಗಿಯೇ ಒಂದೊಂದಾಗಿ ಮುಗಿಯತೊಡಗಿದವು. ಆ ಪುಟ್ಟ ಪೆಟ್ಟಿಗೆ ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಭಾಗ.

ಕೊನೆಯವರೆಗೂ ಉಳಿದುಕೊಂಡದ್ದು ಪೆಟ್ರೋಲ್ ಆವಿಯ ಮಾನಿಟರ್. ಹೊಸ ಕಾರುಗಳ ಟ್ಯಾಂಕು ಮುಚ್ಚಿದ ವ್ಯವಸ್ಥೆ. ಆವಿ ಇದ್ದಿಲಿನ ಕ್ಯಾನಿಸ್ಟರಿನಲ್ಲಿ ಸಂಗ್ರಹವಾಗಿ, ಕಾರು ಓಡುವಾಗ ಎಂಜಿನ್ನಿಗೆ ಹೋಗಿ ಉರಿಯುತ್ತದೆ. ಒಂದು ಮಿಲಿಮೀಟರ್ ರಂಧ್ರವಿದ್ದರೂ ಇಸಿಯು ಪತ್ತೆಹಚ್ಚಬೇಕೆಂಬುದು ಆರಂಭದ ನಿಯಮ. ನಂತರದ ಮಾದರಿಗಳಲ್ಲಿ ಅದು ಅರ್ಧ ಮಿಲಿಮೀಟರಿಗೆ ಇಳಿಯಿತು. ಕಾರ್ಬುರೇಟರ್ ಕಾಲದ ನನ್ನ ಟ್ಯಾಂಕಿನ ಮುಚ್ಚಳದಲ್ಲಿಯೇ ಗಾಳಿಯಾಡುವ ರಂಧ್ರವಿತ್ತು, ಆಗ ಅದು ಹಾಗೆಯೇ ಇರಬೇಕಾಗಿದ್ದಂಥದ್ದು. ಮುಚ್ಚಳ ಬದಲಿಸಿ, ಪೆಟ್ರೋಲ್ ತುಂಬುವ ಕುತ್ತಿಗೆಯ ರಬ್ಬರ್ ಕೊಳವೆಗಳನ್ನು ಬದಲಿಸಿ, ಟ್ಯಾಂಕಿನ ಮೇಲೆ ಪ್ರೆಶರ್ ಸೆನ್ಸರ್ ಕೂರಿಸಿ, ಪೆಟ್ರೋಲ್ ಮಟ್ಟದ ಸಂಕೇತವನ್ನು ಹೊಸ ಇಸಿಯುಗೆ ಅರ್ಥವಾಗುವ ರೋಧಕ್ಕೆ ಹೊಂದಿಸಬೇಕಾಯಿತು. ಮಟ್ಟದ ಸಂಕೇತ ಏಕೆಂದರೆ, ಟ್ಯಾಂಕು ಸುಮಾರು ಶೇ. 15ರಿಂದ 85ರಷ್ಟು ತುಂಬಿರುವಾಗ ಮಾತ್ರ ಈ ಮಾನಿಟರ್ ಓಡುತ್ತದೆ. ರಾತ್ರಿಯಿಡೀ ನಿಂತು ಎಂಜಿನ್ನಿನ ನೀರಿನ ಉಷ್ಣತೆಯೂ ಹೊರಗಾಳಿಯ ಉಷ್ಣತೆಯೂ ಹತ್ತಿರ ಬಂದಿರಬೇಕು ಎಂಬ ಷರತ್ತೂ ಇದೆ. ಹಾಗಾಗಿ ಇದಕ್ಕೆ ತಾಳ್ಮೆ ಬೇಕು: ಬೆಳಗಿನ ತಣ್ಣನೆಯ ಸ್ಟಾರ್ಟ್, ಎರಡು ಮೂರು ನಿಮಿಷ ಐಡ್ಲಿಂಗ್, ನಂತರ ಗಂಟೆಗೆ 80ರಿಂದ 90 ಕಿಲೋಮೀಟರ್ ವೇಗದ ಸ್ಥಿರ ಓಟ, ಬ್ರೇಕ್ ಒತ್ತದೆ ವೇಗ ಇಳಿಯಗೊಡುವುದು, ಮತ್ತೆ ನಿಲ್ಲುತ್ತ ಹೊರಡುತ್ತ ಸಾಗುವ ಓಟ.

ಇಲ್ಲಿ ಅಡ್ಡದಾರಿಗಳ ವಿಚಾರ ಬರುತ್ತದೆ. ಕನ್ವರ್ಟರಿನ ಹಿಂಬದಿಯಲ್ಲಿರುವ ಆಕ್ಸಿಜನ್ ಸೆನ್ಸರಿಗೆ ಸ್ಪೇಸರ್ ಹಾಕಿ ಅದನ್ನು ಅನಿಲದಿಂದ ದೂರ ಸರಿಸುವುದು, ಸುಳ್ಳು ಸಂಕೇತ ಹುಟ್ಟಿಸುವ ಸರ್ಕ್ಯೂಟ್ ಜೋಡಿಸುವುದು, ಇಸಿಯುನಲ್ಲಿ ಮಾನಿಟರನ್ನೇ ಆರಿಸಿಬಿಡುವುದು, ಇವೆಲ್ಲ ಹಲವರು ಮೆಚ್ಚಿ ಹೇಳಿಕೊಡುವ ಉಪಾಯಗಳು. ಇವು ಹಲವು ಕಡೆ ಕಾನೂನುಬಾಹಿರ ಎಂಬುದು ಒಂದು ಕಾರಣ. ನನಗೆ ಅದಕ್ಕಿಂತ ದೊಡ್ಡ ಕಾರಣವಿದೆ. ಪಿ0420 ಎಂಬ ಕೋಡ್ ಬಂದಾಗ ಕನ್ವರ್ಟರ್ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತಿಲ್ಲ ಎಂದು ಹಿಂದಿನ ಸೆನ್ಸರ್ ಹೇಳುತ್ತಿರುತ್ತದೆ. ಅದು ಹಾಗೆ ಹೇಳಲು ಸೋರಿಕೆ, ಮಿಸ್‌ಫೈರ್, ಆಯಿಲ್ ಸುಡುವಿಕೆ, ತಣ್ಣಗಿರುವ ಕನ್ವರ್ಟರ್, ಅಮೂಲ್ಯ ಲೋಹ ಕಡಿಮೆ ಇರುವ ಅಗ್ಗದ ಕನ್ವರ್ಟರ್, ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದು. ಆ ಸೆನ್ಸರಿನ ಬಾಯಿ ಮುಚ್ಚಿಸಿದವನು ತನ್ನದೇ ಎಂಜಿನ್ನಿನ ಕಾಯಿಲೆಯ ಸುದ್ದಿ ತನಗೆ ತಲುಪದಂತೆ ಮಾಡಿಕೊಂಡಂತಾಯಿತು. ಪರಿಶ್ರಮದಿಂದ ಕೂರಿಸಿದ ಎಂಜಿನ್ನಿಗೆ ಅಂಥ ಉಪಚಾರ ಸಲ್ಲದು.

ಎಂಜಿನ್ನಿನ ಆರೋಗ್ಯವನ್ನು ಅದು ನೆಲದ ಮೇಲಿರುವಾಗಲೇ ನೋಡಿಕೊಳ್ಳಬೇಕು. ಕಂಪ್ರೆಷನ್, ಲೀಕ್‌ಡೌನ್ (ಸಿಲಿಂಡರಿನಿಂದ ಗಾಳಿ ಸೋರುವ ಪ್ರಮಾಣ), ವಾಲ್ವ್ ಸೀಲ್‌ಗಳು, ಎಂಜಿನ್ ಒಡಲಿನ ಆವಿಯನ್ನು ಮತ್ತೆ ಉರಿಯಲು ಕಳಿಸುವ ಪಿಸಿವಿ ವಾಲ್ವ್, ಇಜಿಆರ್ ಇದ್ದರೆ ಅದರ ಕಾಲುವೆಗಳಲ್ಲಿ ಕಟ್ಟಿದ ಮಸಿ, ಇವನ್ನೆಲ್ಲ ಸ್ಟ್ಯಾಂಡಿನ ಮೇಲೆ ಪರೀಕ್ಷಿಸುವುದಕ್ಕೂ ಕಾರಿನೊಳಗೆ ಬಾಗಿ ಪರೀಕ್ಷಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಡೈನಮೋಮೀಟರ್ ಮೇಲೆ ಭಾರ ಹಾಕಿ ಓಡಿಸಿ ಅಳೆಯುವ ಕಡೆಗಳಲ್ಲಿ ಇಜಿಆರ್ ಇನ್ನೂ ಮುಖ್ಯ, ಏಕೆಂದರೆ ಸಾರಜನಕದ ಆಕ್ಸೈಡುಗಳು ಐಡ್ಲಿಂಗ್‌ನಲ್ಲಿ ಹೆಚ್ಚಾಗಿ ಕಾಣದೆ, ಭಾರದಲ್ಲಿ ಮಾತ್ರ ತಲೆಯೆತ್ತುತ್ತವೆ. ಹಳೆಯ ಅನಿಲದ ಒಂದು ಪಾಲನ್ನು ಮರಳಿ ಒಳಗೆ ಬಿಟ್ಟು ಉರಿಯ ಶಿಖರವನ್ನು ತಗ್ಗಿಸುವುದೇ ಇಜಿಆರ್ ಕೆಲಸ.

ತಪಾಸಣೆಗೆ ಹೋಗುವ ವಾರ ಆಯಿಲ್ ಬದಲಿಸಿದೆ. ಟ್ಯೂನಿಂಗ್ ನಡೆಯುವ ಕಾಲದಲ್ಲಿ ಎಂಜಿನ್ ಪದೇ ಪದೇ ತಣ್ಣಗಿರುವಾಗ ಚಾಲೂ ಆಗಿ ನಿಂತಿರುತ್ತದೆ, ಪೆಟ್ರೋಲ್ ಆಯಿಲ್‌ನಲ್ಲಿ ಬೆರೆತಿರುತ್ತದೆ, ಬಿಸಿಯಾದಾಗ ಆ ಆವಿ ಪಿಸಿವಿ ಮೂಲಕ ಮರಳಿ ಬಂದು ಮಿಶ್ರಣವನ್ನು ರಿಚ್ ಮಾಡುತ್ತದೆ. ಟ್ಯಾಂಕನ್ನು ಕಂಠಪೂರ್ತಿ ತುಂಬಿಸಿಕೊಂಡು ಹೋಗಬಾರದು, ಏಕೆಂದರೆ ತುಂಬಿದ ಟ್ಯಾಂಕು ಕ್ಯಾನಿಸ್ಟರನ್ನು ಆವಿಯಿಂದ ತುಂಬಿಸುತ್ತದೆ, ಅದು ಖಾಲಿಯಾಗುವ ಹೊತ್ತು ನಳಿಗೆ ಪೈಪಿನೊಳಗಿರುವ ಹೊತ್ತೇ ಆಗಿರಬಹುದು. ಅರ್ಧ ಗಂಟೆಯಾದರೂ ಚೆನ್ನಾಗಿ ಓಡಿಸಿ, ಸಾಲಿನಲ್ಲಿ ಕಾಯಬೇಕಾಗಿ ಬಂದು ಪೈಪುಗಳು ತಣಿದಿದ್ದರೆ ತಪಾಸಣೆಗೆ ಮೊದಲು ಎರಡು ಮೂರು ನಿಮಿಷ 2,500 ಸುತ್ತಿನಲ್ಲಿ ಹಿಡಿದು ಕನ್ವರ್ಟರ್ ಮತ್ತೆ ಬಿಸಿಯಾಗುವಂತೆ ನೋಡಿಕೊಳ್ಳಬೇಕು.

ಕಣ್ಣಿನ ತಪಾಸಣೆಗೆ ನಾನು ಎರಡು ಕಾಗದಗಳನ್ನು ಸಿದ್ಧಪಡಿಸಿಕೊಂಡಿದ್ದೆ: ಎಂಜಿನ್ ಬಂದ ಕಾರಿನ ವರ್ಷ ಮತ್ತು ಎಂಜಿನ್ ಸಂಖ್ಯೆ ತೋರಿಸುವ ಖರೀದಿ ಪತ್ರ, ಮತ್ತು ಆ ಕಾರಿನ ಬಾನೆಟ್ ಕೆಳಗೆ ಅಂಟಿಸಿರುವ ಹೊಗೆ ನಿಯಂತ್ರಣದ ಲೇಬಲ್ಲಿನ ಚಿತ್ರ, ಅದರಲ್ಲಿ ವ್ಯಾಕ್ಯೂಮ್ ಕೊಳವೆಗಳ ನಕ್ಷೆಯೂ ಇರುತ್ತದೆ. ತಪಾಸಣೆ ಮಾಡುವವರು ಹಿಂದೆಂದೂ ನೋಡಿರದ ಜೋಡಣೆಯನ್ನು ನೋಡುತ್ತಿರುತ್ತಾರೆ. ಯಾವ ಭಾಗ ಎಲ್ಲಿದೆ ಎಂದು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದರೆ ಅವರ ಕೆಲಸವೂ ಹಗುರವಾಗುತ್ತದೆ, ಸಂಶಯಕ್ಕೂ ಎಡೆಯಿರುವುದಿಲ್ಲ. ಕ್ಯಾನಿಸ್ಟರ್, ಪರ್ಜ್ ವಾಲ್ವ್ ಮತ್ತು ಸೆನ್ಸರ್‌ಗಳನ್ನು ಕಾಣುವಂತೆ ಕೂರಿಸಿದ್ದು ಆಗ ಉಪಯೋಗಕ್ಕೆ ಬಂತು. ನನ್ನ ಚೀಟಿಯಲ್ಲಿ ಲ್ಯಾಂಬ್ಡಾ 1.00 ಎಂದೂ ಕಾರ್ಬನ್ ಮಾನಾಕ್ಸೈಡ್ ಮಿತಿಗಿಂತ ಬಹಳ ಕೆಳಗೆಂದೂ ಮುದ್ರಣವಾಯಿತು, ಎಲ್ಲ ಮಾನಿಟರ್‌ಗಳೂ ರೆಡಿ ಇದ್ದವು. ಚೀಟಿಯ ಪ್ರತಿಯೊಂದನ್ನು ಅಂದಿನ ಫ್ಯೂಯೆಲ್ ಟ್ರಿಮ್ ಅಂಕಿಗಳ ಜೊತೆ ಕಡತದಲ್ಲಿ ಇಟ್ಟಿದ್ದೇನೆ. ಮುಂದಿನ ತಪಾಸಣೆಗೆ ಮೊದಲು ಏನಾದರೂ ಸರಿದಿದೆಯೇ ಎಂದು ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯ ಆಧಾರ ಸಿಗುವುದಿಲ್ಲ.